ವಿದ್ಯುತ್ತಿನ ಮಾನ, ಕೈಗಳ ಮಾನ

‘ವಿದ್ಯುನ್ಮಾನ’ ಎಂಬ ಮಾತು ಕನ್ನಡದಲ್ಲಿ ಜನಸಾಮಾನ್ಯರ ಬಾಯಿಗೆ ಬಂದದ್ದು ಶಾಲೆಯ ಮೂಲಕವಲ್ಲ, ಮತಗಟ್ಟೆಯ ಮೂಲಕ. ಚುನಾವಣೆ ಬಂದಾಗಲೆಲ್ಲ ‘ವಿದ್ಯುನ್ಮಾನ ಮತಯಂತ್ರ’ ಎಂಬುದನ್ನು ಓದುತ್ತೇವೆ, ಕೇಳುತ್ತೇವೆ. ಆ ಯಂತ್ರವನ್ನು ತಯಾರಿಸುವ ಎರಡು ಸರಕಾರಿ ಸಂಸ್ಥೆಗಳಲ್ಲಿ ಒಂದು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ್ದು ಎಂಬುದು ಮಾತ್ರ ಎಷ್ಟೋ ಜನಕ್ಕೆ ನೆನಪಿರುವುದಿಲ್ಲ. ಎಲೆಕ್ಟ್ರಾನಿಕ್ಸ್ ಎಂಬುದಕ್ಕೆ ಕನ್ನಡದ ಹೆಸರು ಕಟ್ಟಿದವರು ‘ವಿದ್ಯುತ್ತಿ’ಗೆ ‘ಮಾನ’ವನ್ನು ಜೋಡಿಸಿದರು. ಮಾನವೆಂದರೆ ಅಳತೆ; ಮಾನವೆಂದರೆ ಮರ್ಯಾದೆಯೂ ಹೌದು. ಮೊದಲನೆಯ ಅರ್ಥದಲ್ಲಿ ಈ ವಿದ್ಯೆ ಬಹಳ ದೂರ ನಡೆದಿದೆ. ಎರಡನೆಯ ಅರ್ಥದಲ್ಲಿ, ಎಂದರೆ ಈ ವಿದ್ಯೆಯನ್ನು ಕೈಯಾರೆ ಮಾಡಿ ತೋರಿಸುವವರಿಗೆ ಸಲ್ಲಬೇಕಾದ ಮರ್ಯಾದೆಯ ವಿಷಯದಲ್ಲಿ, ನಾವು ಎಷ್ಟು ದೂರ ಬಂದಿದ್ದೇವೆ? ಅದನ್ನು ವಿಚಾರಿಸುವುದಕ್ಕಾಗಿಯೇ ಈ ಹಳೆಯ ಕತೆಯನ್ನು ತೆಗೆದಿದ್ದೇನೆ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಈ ವಿಷಯವನ್ನು ಬಹುಕಾಲ ಪಾಠ ಹೇಳಿದವನು. ಪರೀಕ್ಷೆಯ ಫಲಿತಾಂಶ ಹೊರಬಿದ್ದ ಕೂಡಲೆ ತಂದೆತಾಯಿಗಳು ಕೇಳುವ ಪ್ರಶ್ನೆ ಒಂದೇ: “ಮೇಷ್ಟ್ರೇ, ಹುಡುಗ ಇದನ್ನು ಓದಿದರೆ ಮುಂದೆ ಏನು?” ಪ್ರಶ್ನೆ ಒಂದೇ ಆದರೂ ಅದಕ್ಕೆ ಉತ್ತರ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತ ಬಂದಿದೆ. ರೇಡಿಯೋ ಎಂಬ ಉತ್ತರವಿದ್ದ ಕಾಲವೊಂದು. ಕಾರ್ಖಾನೆ ಎಂಬ ಉತ್ತರವಿದ್ದ ಕಾಲ ಇನ್ನೊಂದು. ಉಪಗ್ರಹ, ಟೆಲಿವಿಷನ್, ಟೆಲಿಫೋನು, ಕಂಪ್ಯೂಟರು ಎಂದು ಆಮೇಲೆ ಒಂದೊಂದಾಗಿ ಬಂದವು. ಉತ್ತರ ಹೀಗೆ ಬದಲಾಗುವ ವಿದ್ಯೆಯ ಬಗ್ಗೆ ಬುದ್ಧಿವಾದ ಹೇಳಬೇಕಾದರೆ ಅದರ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಒಂದು ಭೇದವನ್ನು ಹೇಳಿಬಿಡಬೇಕು. ವಿದ್ಯುತ್ತಿನಲ್ಲಿ ದುಡಿಯುವ ವಿದ್ಯುತ್ತು ಬೇರೆ, ಮಾತನಾಡುವ ವಿದ್ಯುತ್ತು ಬೇರೆ. ದುಡಿಯುವ ವಿದ್ಯುತ್ತು ನಮ್ಮ ನಾಡಿಗೆ ಬಹಳ ಬೇಗ ಬಂತು. 1902ರಲ್ಲಿ ಶಿವನಸಮುದ್ರದ ಕಾವೇರಿಯಿಂದ ಹೊರಟ ತಂತಿ ಸುಮಾರು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಯನ್ನು ತಲುಪಿತು. 1905ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಆದರೆ ಅದೇ ಕಾಲದಲ್ಲಿ ದೂರದ ಇಂಗ್ಲೆಂಡಿನಲ್ಲಿ ಒಂದು ಸಣ್ಣ ಗಾಜಿನ ಬುರುಡೆಯೊಳಗೆ ವಿದ್ಯುತ್ತು ಮಾತು ಕಲಿಯುತ್ತಿತ್ತು.

1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನ್ ಎಂಬ ಕಣವನ್ನು ಗುರುತಿಸಿದ. 1904ರಲ್ಲಿ ಫ್ಲೆಮಿಂಗ್ ಎಂಬವನು ಗಾಳಿ ತೆಗೆದ ಬುರುಡೆಯಲ್ಲಿ ಒಂದು ತಂತಿಯನ್ನು ಕೆಂಪಗೆ ಕಾಯಿಸಿ, ಅದರಿಂದ ಹೊರಟ ಎಲೆಕ್ಟ್ರಾನುಗಳು ಎದುರಿನ ತಗಡಿನ ಕಡೆಗೆ ಮಾತ್ರ ಹರಿಯುವಂತೆ ಮಾಡಿದ. ಹೋಗಲು ದಾರಿಯುಂಟು, ಹಿಂದಿರುಗಲು ಇಲ್ಲ. ಆದ್ದರಿಂದ ಅದಕ್ಕೆ ವಾಲ್ವ್ ಎಂದು ಹೆಸರಾಯಿತು. ಎರಡು ವರ್ಷದ ಮೇಲೆ ಅಮೆರಿಕದ ಲೀ ಡಿ ಫಾರೆಸ್ಟ್ ಆ ತಂತಿಗೂ ತಗಡಿಗೂ ನಡುವೆ ಜಾಲರಿಯಂಥ ಮೂರನೆಯ ಅಂಗವೊಂದನ್ನು ಇಟ್ಟ. ಕೆರೆಯ ತೂಬನ್ನು ನೋಡಿದವರಿಗೆ ಇದರ ಮರ್ಮವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ತೂಬನ್ನು ಎತ್ತಲು ಬೇಕಾದದ್ದು ಒಬ್ಬ ಮನುಷ್ಯನ ತೋಳಿನ ಶಕ್ತಿ. ಅದರಿಂದ ಹರಿಯುವ ನೀರು ನೂರಾರು ಎಕರೆಯ ಗದ್ದೆಗೆ ಸಾಕು. ಜಾಲರಿಯ ಮೇಲೆ ಬಿದ್ದ ಕ್ಷೀಣವಾದ ಸಂಕೇತವು ಹೀಗೆಯೇ ದೊಡ್ಡ ಪ್ರವಾಹವೊಂದನ್ನು ತನ್ನಂತೆ ಕುಣಿಸುತ್ತದೆ. ಸಣ್ಣದು ದೊಡ್ಡದನ್ನು ಆಳುವುದು, ಇದೇ ಎಲೆಕ್ಟ್ರಾನಿಕ್ಸಿನ ಬೀಜಮಂತ್ರ. ಮುಂದೆ ಬಂದದ್ದೆಲ್ಲ ಅದರ ಭಾಷ್ಯ. ನಮ್ಮವರು ಈ ಚರಿತ್ರೆಗೆ ಹೊರಗಿನವರಲ್ಲ. 1895ರಲ್ಲಿಯೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ಅಲೆಗಳನ್ನು ಕಳುಹಿಸಿ ತೋರಿಸಿದ್ದರು. ಗೆಲೀನಾ ಎಂಬ ಹರಳಿನಿಂದ ಆ ಅಲೆಗಳನ್ನು ಹಿಡಿಯುವ ಸಾಧನಕ್ಕೆ 1904ರಲ್ಲಿ ಅವರ ಹೆಸರಿನಲ್ಲಿ ಅಮೆರಿಕದ ಪೇಟೆಂಟೂ ದೊರೆಯಿತು.

ಬೆಂಗಳೂರಿನಲ್ಲಿ ಈ ವಿದ್ಯೆಗೆ ನೆಲೆ ಸಿಕ್ಕಿದ್ದು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಕರೆಯುತ್ತಿದ್ದ ಭಾರತೀಯ ವಿಜ್ಞಾನ ಮಂದಿರದಲ್ಲಿ. 1911ರಲ್ಲಿ ಅಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದಾಗಲೇ ರಸಾಯನಶಾಸ್ತ್ರದ ಜೊತೆಗೆ ವಿದ್ಯುತ್ ತಂತ್ರಜ್ಞಾನದ ವಿಭಾಗವೂ ಇತ್ತು. ಅದು ದುಡಿಯುವ ವಿದ್ಯುತ್ತಿನ ವಿಭಾಗ. ಮಾತನಾಡುವ ವಿದ್ಯುತ್ತು ಅದರ ಮಡಿಲಲ್ಲಿ ಮಗುವಿನಂತೆ ಬೆಳೆದು, 1946ರಲ್ಲಿ ‘ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್’ ಎಂಬ ಪ್ರತ್ಯೇಕ ವಿಭಾಗವಾಯಿತು. ಇದು ಬರಿಯ ಪಾಠಪಟ್ಟಿಯ ವಿಭಜನೆಯಲ್ಲ. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಮತ್ತು ವಯರ್‌ಲೆಸ್ ಏನು ಮಾಡಬಲ್ಲವು ಎಂಬುದನ್ನು ಜಗತ್ತು ಕಣ್ಣಾರೆ ಕಂಡಿತ್ತು. ಅದನ್ನು ಬಲ್ಲವರು ತನ್ನಲ್ಲಿ ಎಷ್ಟು ಕಡಮೆ ಎಂಬುದನ್ನು ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ದೇಶ ಅರಿತಿತ್ತು.

ಅದಕ್ಕೆ ಮೊದಲೇ ಮೈಸೂರಿನಲ್ಲಿ ಒಂದು ಸ್ವಾರಸ್ಯವಾದ ಸಂಗತಿ ನಡೆದಿತ್ತು. 1935ರ ಸೆಪ್ಟೆಂಬರಿನಲ್ಲಿ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ, ಕೇವಲ 30 ವಾಟಿನ ಪ್ರೇಷಕ ಯಂತ್ರದಿಂದ, ರೇಡಿಯೋ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಮೈಸೂರಿನ ಈ ಮನೆಯ ನಿಲಯದ್ದು. ದೇಶದ ಪ್ರಸಾರ ಸಂಸ್ಥೆ ಆ ಹೆಸರನ್ನು ತನ್ನದಾಗಿ ಮಾಡಿಕೊಂಡದ್ದು 1957ರಲ್ಲಿ. ಗೋಪಾಲಸ್ವಾಮಿಯವರು ಎಂಜಿನಿಯರಲ್ಲ, ಮನಶ್ಶಾಸ್ತ್ರದ ಅಧ್ಯಾಪಕರು. ಪದವಿ ಒಂದು, ಕೈಗೆತ್ತಿಕೊಂಡ ಕೆಲಸ ಇನ್ನೊಂದು. ಈ ವಿದ್ಯೆಯ ಬಾಗಿಲು ಮೊದಲಿನಿಂದಲೂ ಆಸಕ್ತಿಯುಳ್ಳವರಿಗೆ ತೆರೆದಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆಸಕ್ತಿಯುಳ್ಳವರಿಗೆಲ್ಲ ತೆರೆದಿತ್ತೇ ಎಂದು ಯಾರಾದರೂ ಕೇಳಿದರೆ ರಾಜೇಶ್ವರಿ ಚಟರ್ಜಿಯವರ ಕತೆಯನ್ನು ಹೇಳಬೇಕಾಗುತ್ತದೆ. 1922ರಲ್ಲಿ ಕನ್ನಡನಾಡಿನಲ್ಲಿ ಹುಟ್ಟಿದ ಈಕೆಯ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ, ಸಿ. ವಿ. ರಾಮನ್ನರ ಬಳಿ ಸಂಶೋಧನೆ ಮಾಡಬೇಕೆಂದು ಹೋದರು. ಭೌತಶಾಸ್ತ್ರದ ಪದವಿಯಿಲ್ಲ ಎಂಬ ಕಾರಣದಿಂದ ಅವಕಾಶ ಸಿಗಲಿಲ್ಲ. ಆಕೆ 1943ರ ಹೊತ್ತಿಗೆ ಅದೇ ವಿಜ್ಞಾನ ಮಂದಿರದ ವಿದ್ಯುತ್ ತಂತ್ರಜ್ಞಾನದ ವಿಭಾಗವನ್ನು ಸೇರಿ ಸಂಪರ್ಕ ವಿದ್ಯೆಯನ್ನು ಹಿಡಿದರು. ಸರಕಾರದ ವಿದ್ಯಾರ್ಥಿವೇತನ ದೊರೆತು, ಸ್ವಾತಂತ್ರ್ಯ ಬಂದ ವರ್ಷವೇ ಹಡಗಿನಲ್ಲಿ ಅಮೆರಿಕಕ್ಕೆ ಹೋದರು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮಾಸ್ಟರ್ ಪದವಿ ಪಡೆದು, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ಆವರ್ತಾಂಕಗಳ ಅಳತೆಯನ್ನು ಕೈಯಾರೆ ಮಾಡಿ ಕಲಿತು, ಮತ್ತೆ ಮಿಷಿಗನ್ನಿನಲ್ಲಿ ಡಾಕ್ಟರೇಟು ಮುಗಿಸಿ 1953ರಲ್ಲಿ ಬೆಂಗಳೂರಿಗೆ ಮರಳಿದರು. ಮೈಕ್ರೋವೇವ್ ಮತ್ತು ಆಂಟೆನಾ ಆಕೆಯ ಕ್ಷೇತ್ರ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಆಕೆಯನ್ನು ಕರೆಯುತ್ತಾರೆ. 1982ರಲ್ಲಿ ನಿವೃತ್ತರಾಗುವ ಹೊತ್ತಿಗೆ ವಿಭಾಗದ ಮುಖ್ಯಸ್ಥರಾಗಿದ್ದರು, 2010ರಲ್ಲಿ ತೀರಿಕೊಂಡರು. ಆಕೆಯ ಜೀವನದಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಆ ಎಂಟು ತಿಂಗಳು. ಗಣಿತದಲ್ಲಿ ಅಷ್ಟು ಬಲ್ಲವರು ಉಪಕರಣದ ಮುಂದೆ ಕುಳಿತು ಅಳತೆಯನ್ನು ಕಲಿತರು. ವಿದ್ಯುತ್ತಿನ ಮಾನ ಎಂದರೆ ಇದೇ.

ಓದಿದವರಿಗೆ ಕೆಲಸ ಕೊಡುವ ಕಾರ್ಖಾನೆಗಳೂ ಅಷ್ಟರಲ್ಲಿ ಬಂದಿದ್ದವು. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂಬ ಚೆಂದದ ಹೆಸರು ಬಂತು. 1954ರಲ್ಲಿ ಫ್ರಾನ್ಸಿನ ಸಿ.ಎಸ್.ಎಫ್. ಕಂಪನಿಯ ನೆರವಿನಿಂದ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಆರಂಭವಾಯಿತು. ಸೈನ್ಯಕ್ಕೆ ವಯರ್‌ಲೆಸ್ ಯಂತ್ರಗಳು, ಆಕಾಶವಾಣಿಗೆ ಪ್ರೇಷಕಗಳು, 1960ರ ದಶಕದ ಆರಂಭದಲ್ಲಿ ವಾಲ್ವುಗಳು, ಆಮೇಲೆ ಟ್ರಾನ್ಸಿಸ್ಟರುಗಳು ಅಲ್ಲಿ ತಯಾರಾದವು. ಈ ಕಾರ್ಖಾನೆಗಳ ಬಸ್ಸುಗಳು ಬೆಳಗಿನ ಜಾವದಲ್ಲಿ ಮಲ್ಲೇಶ್ವರ, ಬಸವನಗುಡಿ, ರಾಜಾಜಿನಗರಗಳ ಬೀದಿಯಲ್ಲಿ ಹಾದುಹೋಗುವುದು ಬೆಂಗಳೂರಿನ ಮಧ್ಯಮವರ್ಗದ ಗಡಿಯಾರವೇ ಆಗಿತ್ತು. ಸಣ್ಣಸಣ್ಣ ಭಾಗಗಳನ್ನು ಜೋಡಿಸುವ ಮೇಜುಗಳಲ್ಲಿ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಕುಳಿತರು. ಎಷ್ಟೋ ಮನೆಗಳಲ್ಲಿ ತಿಂಗಳ ಸಂಬಳ ತಂದ ಮೊದಲ ಹೆಂಗಸು ಕಾರ್ಖಾನೆಯ ನೌಕರಳೇ.

ಇಲ್ಲಿ ಒಂದು ತಮಾಷೆಯನ್ನೂ ಹೇಳಬೇಕು. ಬೆಂಗಳೂರಿನಲ್ಲಿ ‘ಐ.ಟಿ.ಐ.’ ಎಂದರೆ ಎರಡು ಅರ್ಥ. ಒಂದು, ಈಗ ಹೇಳಿದ ಟೆಲಿಫೋನ್ ಕಾರ್ಖಾನೆ. ಇನ್ನೊಂದು, ಕೈಗಾರಿಕಾ ತರಬೇತಿ ಕೊಡುವ ಸಂಸ್ಥೆ. “ನಮ್ಮ ಹುಡುಗ ಐ.ಟಿ.ಐ.ನಲ್ಲಿದ್ದಾನೆ” ಎಂದು ಒಬ್ಬರು ಹೇಳಿದರೆ ಕೇಳಿದವರು ಕ್ಷಣಕಾಲ ತಡೆದು, “ಯಾವ ಐ.ಟಿ.ಐ.?” ಎಂದು ವಿಚಾರಿಸುತ್ತಿದ್ದರು. ಕಾರ್ಖಾನೆಯಾದರೆ ಮುಖ ಅರಳುತ್ತಿತ್ತು. ತರಬೇತಿಯಾದರೆ ಮಾತು ಮಳೆಬೆಳೆಯ ಕಡೆಗೆ ತಿರುಗುತ್ತಿತ್ತು. ನಮ್ಮ ಸಮಾಜ ಕೈಕೆಲಸವನ್ನು ಎಲ್ಲಿ ಕೂರಿಸಿದೆ ಎಂಬುದು ಆ ಒಂದು ಕ್ಷಣದ ತಡೆಯಲ್ಲಿ ಪೂರ್ತಿ ತಿಳಿಯುತ್ತಿತ್ತು.

ಈ ವಿದ್ಯೆಗೆ ಮೂರು ಮೆಟ್ಟಿಲು. ಹತ್ತನೆಯ ತರಗತಿಯ ಮೇಲೆ ತರಬೇತಿ ಸಂಸ್ಥೆಯ ಸರ್ಟಿಫಿಕೇಟು. ಪಾಲಿಟೆಕ್ನಿಕ್ಕಿನ ಮೂರು ವರ್ಷದ ಡಿಪ್ಲೊಮಾ. ಎಂಜಿನಿಯರಿಂಗ್ ಕಾಲೇಜಿನ ಪದವಿ. ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆಸಿದರು. ಆದರೆ ಕಾಲೇಜೊಂದೇ ಸಾಕೆಂದು ಅವರು ಎಂದೂ ತಿಳಿಯಲಿಲ್ಲ. 1940ರ ದಶಕದ ಆರಂಭದಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ವೃತ್ತಿವಿದ್ಯೆಯ ಶಾಲೆಯೊಂದು ಆರಂಭವಾಗಲು ಅವರೇ ಮುಖ್ಯ ಪ್ರೇರಕರು. ಇಂದಿನ ಎಸ್. ಜೆ. ಪಾಲಿಟೆಕ್ನಿಕ್ ಅದೇ. ಪ್ರಸಿದ್ಧ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅಲ್ಲಿಯ ಮೊದಲ ತಂಡಗಳಲ್ಲಿ ಓದಿದವರು. ಲೆಕ್ಕ ಹಾಕುವವನೊಬ್ಬನಿದ್ದರೆ ಮಾಡುವವರು ಹತ್ತು ಜನ ಬೇಕು ಎಂಬುದು ಆ ಹಿರಿಯರಿಗೆ ಗೊತ್ತಿತ್ತು. ಆ ಹತ್ತು ಜನರನ್ನು ಸಮಾಜ ಹೇಗೆ ಕಾಣುತ್ತದೆ ಎಂಬುದು ಮಾತ್ರ ಅವರ ಕೈಯಲ್ಲಿರಲಿಲ್ಲ.

ನನ್ನ ಶಿಷ್ಯನೊಬ್ಬ ಡಿಪ್ಲೊಮಾ ಮುಗಿಸಿ ಒಂದು ಕಾರ್ಖಾನೆಗೆ ಸೇರಿದ. ಪ್ರೇಷಕವೊಂದರಲ್ಲಿ ಬಹಳ ದಿನದಿಂದ ಬಗೆಹರಿಯದಿದ್ದ ಒಂದು ಗೊರಗೊರ ಶಬ್ದದ ಮೂಲವನ್ನು ಅವನು ಪತ್ತೆ ಮಾಡಿದ. ಭೂಸಂಪರ್ಕದ ತಂತಿ ಎರಡು ಕಡೆ ಜೋಡಣೆಯಾಗಿತ್ತು. ಒಂದು ಕಡೆ ಬಿಡಿಸಿದೊಡನೆ ಶಬ್ದ ನಿಂತಿತು. ವರದಿ ಬರೆದಾಗ ಮೇಲಿನವರ ಹೆಸರು ಬಂತು, ಇವನದು ಬರಲಿಲ್ಲ. “ಹೋಗಲಿ ಬಿಡಿ ಸಾರ್, ಯಂತ್ರ ಮಾತಾಡಿತಲ್ಲ” ಎಂದು ಅವನು ನಗುತ್ತ ಹೇಳಿದ. ಆದರೆ ಅವನು ತನ್ನ ಮಗನನ್ನು ಡಿಪ್ಲೊಮಾಕ್ಕೆ ಸೇರಿಸಲಿಲ್ಲ. ಒಂದು ಹೆಸರನ್ನು ಬಿಟ್ಟದ್ದಕ್ಕೆ ಒಂದು ಕುಟುಂಬದಲ್ಲಿ ಒಂದು ಕೈವಿದ್ಯೆ ಒಂದೇ ತಲೆಮಾರಿಗೆ ಮುಗಿಯಿತು. ದೇಶದ ಲೆಕ್ಕದಲ್ಲಿ ಇಂಥ ನಷ್ಟವನ್ನು ಯಾರೂ ಬರೆದಿಡುವುದಿಲ್ಲ.

ಇಷ್ಟರಲ್ಲಿ ವಿದ್ಯೆಯೇ ತನ್ನ ಮೈಯನ್ನು ಬದಲಿಸಿಕೊಂಡಿತ್ತು. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಗಾಜಿನ ಬುರುಡೆ ಮಾಡುತ್ತಿದ್ದ ಕೆಲಸವನ್ನು ಜರ್ಮೇನಿಯಂ ಎಂಬ ಧಾತುವಿನ ಚೂರು ಮಾಡತೊಡಗಿತು. ಕಾಯಿಸಬೇಕಾಗಿಲ್ಲ, ಒಡೆಯುವ ಭಯವಿಲ್ಲ. 1958ರಲ್ಲಿ ಜಾಕ್ ಕಿಲ್ಬಿ ಒಂದೇ ಚೂರಿನಲ್ಲಿ ಅನೇಕ ಅಂಗಗಳನ್ನು ಒಟ್ಟುಗೂಡಿಸಿ ತೋರಿಸಿದ. ಇದರಿಂದ ಓದುವ ರೀತಿಯೂ ಬದಲಾಯಿತು. ವಾಲ್ವಿನ ಕಾಲದಲ್ಲಿ ಯಾವ ಅಂಗ ಕೆಟ್ಟಿದೆ ಎಂಬುದನ್ನು ಕಣ್ಣಿಂದ ನೋಡಿ, ಮೂಗಿನಿಂದ ಮೂಸಿ ಹೇಳಬಹುದಾಗಿತ್ತು. ಒಳಗಿನ ತಂತಿ ಕೆಂಪಗಿಲ್ಲದಿದ್ದರೆ ವಾಲ್ವ್ ಸತ್ತಿದೆ ಎಂದೇ ಅರ್ಥ. ಚೂರು ಸತ್ತರೂ ಬದುಕಿದರೂ ನೋಡುವುದಕ್ಕೆ ಒಂದೇ. ಮೀಟರೂ ಆಸಿಲೋಸ್ಕೋಪೂ ಇಲ್ಲದೆ ಅದರ ನಾಡಿ ಸಿಗದು. ರಿಪೇರಿಯವನೂ ಇನ್ನುಮುಂದೆ ಸಿದ್ಧಾಂತ ಓದಲೇಬೇಕಾಯಿತು. ಕೈ ಮತ್ತು ತಲೆ ಎರಡೂ ಬೇರೆ ಎನ್ನುತ್ತಿದ್ದವರ ವಾದ ಅಲ್ಲಿಗೇ ಬಿದ್ದುಹೋಗಬೇಕಾಗಿತ್ತು. ಬೀಳಲಿಲ್ಲ.

ಅಮೆರಿಕದಲ್ಲಿಯೂ ಇದೇ ಗೊಂದಲ ಬೇರೆ ರೂಪದಲ್ಲಿ ಕಾಣಿಸಿಕೊಂಡಿತು. 1955ರಲ್ಲಿ ಗ್ರಿಂಟರ್ ಎಂಬುವರ ಸಮಿತಿ ಎಂಜಿನಿಯರಿಂಗ್ ಶಿಕ್ಷಣದಲ್ಲಿ ಗಣಿತ ಮತ್ತು ವಿಜ್ಞಾನದ ಪಾಲು ಹೆಚ್ಚಬೇಕೆಂದು ಸಲಹೆ ಮಾಡಿತು. ಕಾಲೇಜುಗಳು ಸಲಹೆಯನ್ನು ಒಪ್ಪಿದವು. ಕಾರ್ಯಾಗಾರದ ಪಾಲು ತೆಳುವಾಯಿತು. ಯಂತ್ರವನ್ನು ಮುಟ್ಟಿ ಕಟ್ಟುವವರು ಯಾರು ಎಂಬ ಪ್ರಶ್ನೆ ಉಳಿಯಿತು. ಆ ಜಾಗವನ್ನು ತುಂಬಲು ‘ಎಂಜಿನಿಯರಿಂಗ್ ಟೆಕ್ನಾಲಜಿ’ ಎಂಬ ಬೇರೆ ಪದವಿಯೇ ಅಲ್ಲಿ ಬೆಳೆಯಿತು. ಸಿದ್ಧಾಂತವನ್ನು ಹುಡುಕುವವನು ಒಬ್ಬ, ಅದನ್ನು ಬಳಕೆಗೆ ತರುವವನು ಇನ್ನೊಬ್ಬ, ಇಬ್ಬರಿಗೂ ಪದವಿ.

ನಮ್ಮಲ್ಲಿ ಎಚ್ಚರ ಮೂಡಿಸಿದ್ದು 1962ರ ಚೀನಾ ಯುದ್ಧ. ಮರುವರ್ಷ ಹೋಮಿ ಭಾಭಾ ಅವರ ಅಧ್ಯಕ್ಷತೆಯಲ್ಲಿ ಸರಕಾರ ಎಲೆಕ್ಟ್ರಾನಿಕ್ಸ್ ಸಮಿತಿಯನ್ನು ನೇಮಿಸಿತು. ವರದಿ 1966ರಲ್ಲಿ ಬಂತು. ಅದೇ ವರ್ಷದ ಜನವರಿಯಲ್ಲಿ ಭಾಭಾ ವಿಮಾನಾಪಘಾತದಲ್ಲಿ ತೀರಿಹೋದರು. 1970ರಲ್ಲಿ ಕೇಂದ್ರದಲ್ಲಿ ಎಲೆಕ್ಟ್ರಾನಿಕ್ಸ್ ಇಲಾಖೆ ಏರ್ಪಟ್ಟಿತು. ಆ ಇಲಾಖೆಯ ಮತ್ತು ಸ್ವಿಟ್ಜರ್ಲೆಂಡಿನ ನೆರವಿನಿಂದ 1974ರಲ್ಲಿ ವಿಜ್ಞಾನ ಮಂದಿರದಲ್ಲಿ ಎಲೆಕ್ಟ್ರಾನಿಕ್ಸ್ ವಿನ್ಯಾಸ ಮತ್ತು ತಂತ್ರಜ್ಞಾನದ ಕೇಂದ್ರವೊಂದು ಆರಂಭವಾಯಿತು. ಸಿ.ಇ.ಡಿ.ಟಿ. ಎಂದು ಅದನ್ನು ಕರೆಯುತ್ತಿದ್ದರು. ಸರ್ಕ್ಯೂಟನ್ನು ಕಾಗದದ ಮೇಲೆ ಬರೆದರೆ ಓದು ಮುಗಿಯಿತೆಂದು ಅಲ್ಲಿ ತಿಳಿಯುತ್ತಿರಲಿಲ್ಲ. ಅದಕ್ಕೆ ಪೆಟ್ಟಿಗೆ ಬೇಕು, ಗಾಳಿಯಾಡಬೇಕು, ಬಿಸಿ ಹೊರಹೋಗಬೇಕು, ಗುಂಡಿ ಬೆರಳಿಗೆ ಸಿಗಬೇಕು, ಬೆಲೆ ಕೈಗೆಟುಕಬೇಕು. ಇದೆಲ್ಲ ಎಂಜಿನಿಯರನ ಕೆಲಸವೇ ಎಂಬುದು ಅಲ್ಲಿಯ ಪಾಠ. ಹೆಸರು ಈಗ ಬದಲಾಗಿದೆ, ವಿಭಾಗ ಉಳಿದಿದೆ.

ಈ ಪಾಠದ ದೊಡ್ಡ ಪ್ರಯೋಗ ನಡೆದದ್ದು ಪೀಣ್ಯದಲ್ಲಿ. ಉಡುಪಿಯ ಸಮೀಪದ ಅದಮಾರಿನವರಾದ ಯು. ಆರ್. ರಾವ್ ಅವರ ಮುಖಂಡತ್ವದಲ್ಲಿ 1972ರಿಂದ ಅಲ್ಲಿಯ ಕೈಗಾರಿಕಾ ಷೆಡ್ಡುಗಳಲ್ಲಿ ತರುಣರ ತಂಡವೊಂದು ಉಪಗ್ರಹ ಕಟ್ಟತೊಡಗಿತು. ಅವರಲ್ಲಿ ಹೆಚ್ಚಿನವರು ಅದಕ್ಕೆ ಮೊದಲು ಉಪಗ್ರಹವನ್ನು ಕಂಡವರೇ ಅಲ್ಲ. 1975ರ ಏಪ್ರಿಲ್ 19ರಂದು ಸುಮಾರು 360 ಕಿಲೋಗ್ರಾಮಿನ ‘ಆರ್ಯಭಟ’ ಸೋವಿಯತ್ ರಾಕೆಟಿನ ಮೇಲೆ ಆಕಾಶಕ್ಕೆ ಏರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ತೊಂದರೆಯಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು; ಆದರೆ ಕಟ್ಟಲು ಕಲಿತವರು ನಿಲ್ಲಲಿಲ್ಲ. 1981ರಲ್ಲಿ ‘ಆಪಲ್’ ಎಂಬ ಸಂಪರ್ಕ ಉಪಗ್ರಹದ ಆಂಟೆನಾ ಪರೀಕ್ಷೆಗೆ ಲೋಹವಿಲ್ಲದ ವಾಹನ ಬೇಕಾದಾಗ ಅದನ್ನು ಎತ್ತಿನ ಗಾಡಿಯ ಮೇಲೆ ಇಟ್ಟರು. ಆ ಚಿತ್ರವನ್ನು ನೋಡಿ ಬಡತನವೆಂದು ಮರುಗಿದವರುಂಟು, ನಕ್ಕವರುಂಟು. ನನಗೆ ಅದು ವಿದ್ಯೆಯ ಚಿತ್ರವಾಗಿಯೇ ಕಾಣುತ್ತದೆ. ಕಬ್ಬಿಣದ ಗಾಡಿ ಅಲೆಗಳನ್ನು ಕೆಡಿಸುತ್ತದೆ, ಮರದ ಗಾಡಿ ಕೆಡಿಸುವುದಿಲ್ಲ ಎಂಬುದನ್ನು ತಿಳಿದವನಿಗೆ ಎತ್ತಿನ ಗಾಡಿಯೂ ಪ್ರಯೋಗಶಾಲೆಯ ಉಪಕರಣವೇ.

ಆರ್ಯಭಟ ಏರಿದ ವರ್ಷವೇ ಆಗಸ್ಟಿನಲ್ಲಿ ಇನ್ನೊಂದು ದೊಡ್ಡ ಪ್ರಯೋಗ ಆರಂಭವಾಯಿತು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷ ಎರವಲು ಪಡೆದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೆಲಿವಿಷನ್ ಕಾರ್ಯಕ್ರಮಗಳನ್ನು ತಲುಪಿಸಿದರು. ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಉಪಗ್ರಹದ ಕೀರ್ತಿಯನ್ನು ಪತ್ರಿಕೆಗಳು ಹಾಡಿದವು. ಆದರೆ ಬಿಸಿಲಿನಲ್ಲಿ, ಧೂಳಿನಲ್ಲಿ, ಹಳ್ಳಿಯ ಶಾಲೆಯ ಮಾಡಿನ ಮೇಲೆ ಬುಟ್ಟಿಯಂಥ ಆಂಟೆನಾವನ್ನು ತಿರುಗಿಸಿ, ಸುಟ್ಟುಹೋದ ಭಾಗವನ್ನು ಬದಲಿಸಿ, ಸಂಜೆಯ ಕಾರ್ಯಕ್ರಮದ ಹೊತ್ತಿಗೆ ಪರದೆಯ ಮೇಲೆ ಚಿತ್ರ ಬರುವಂತೆ ಮಾಡಿದವರು ಯಾರು? ಮೆಕ್ಯಾನಿಕ್ಕುಗಳು. ಅವರು ಜೀಪಿನಿಂದ ಇಳಿಯದಿದ್ದರೆ ಉಪಗ್ರಹ ಆಕಾಶದಲ್ಲಿ ಇದ್ದೂ ಇಲ್ಲದಂತೆ.

ಇದೇ ಮಾತಿಗೆ ಇನ್ನೂ ಒಳ್ಳೆಯ ನಿದರ್ಶನ ಕಿತ್ತೂರು. 1984ರಲ್ಲಿ ಕೇಂದ್ರ ಸರಕಾರ ಸಿ-ಡಾಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ನಮ್ಮ ಹಳ್ಳಿಗಳಿಗೆ ಒಗ್ಗುವ ಟೆಲಿಫೋನ್ ಎಕ್ಸ್‌ಚೇಂಜನ್ನು ನಮ್ಮವರೇ ರೂಪಿಸಬೇಕೆಂದು ಹೇಳಿತು. ವಿದೇಶದ ಯಂತ್ರಗಳಿಗೆ ತಂಪುಕೋಣೆ ಬೇಕು. ನಮ್ಮ ಹಳ್ಳಿಯಲ್ಲಿ ಧೂಳು, ಸೆಕೆ, ಆಗಾಗ ಕೈಕೊಡುವ ವಿದ್ಯುತ್ತು. ಇವನ್ನೆಲ್ಲ ತಾಳಿಕೊಳ್ಳುವ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ಆ ತರುಣರು ಕಟ್ಟಿದರು. ಅದರಲ್ಲಿ ಮೊದಲನೆಯದು 1986ರಲ್ಲಿ ಚೆನ್ನಮ್ಮನ ಕಿತ್ತೂರಿನಲ್ಲಿ ಕೆಲಸಕ್ಕೆ ತೊಡಗಿತು. ಬೇರೆ ಊರಿನ ಬಂಧುವಿನೊಡನೆ ಮಾತನಾಡಲು ಟ್ರಂಕ್ ಕಾಲ್ ಬುಕ್ ಮಾಡಿ ದಿನವಿಡೀ ಕಾದು ಕುಳಿತಿದ್ದ ತಲೆಮಾರಿಗೆ ಇದು ಏನೆಂದು ಗೊತ್ತು. ಊರೂರಿನಲ್ಲಿ ಹಳದಿ ಬಣ್ಣದ ಎಸ್.ಟಿ.ಡಿ. ಗೂಡುಗಳು ಎದ್ದವು.

ಆದರೆ ಅದೇ ದಶಕದಲ್ಲಿ ಗಾಳಿ ಬೇರೆ ಕಡೆಗೂ ಬೀಸತೊಡಗಿತ್ತು. ಕರ್ನಾಟಕ ಸರಕಾರ 1976ರಲ್ಲಿ ಕಿಯೋನಿಕ್ಸ್ ಸಂಸ್ಥೆಯನ್ನು ಆರಂಭಿಸಿತು, ಆರ್. ಕೆ. ಬಾಳಿಗರ ದೂರದೃಷ್ಟಿಯಿಂದ ಕೋನಪ್ಪನ ಅಗ್ರಹಾರದ ಬಳಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಚಿಪ್ಪಿನ ವಿನ್ಯಾಸದ ಕೆಲಸವನ್ನು ಆರಂಭಿಸಿತು. ಅದರ ಬೆನ್ನಿಗೆ ತಂತ್ರಾಂಶದ ಕಂಪನಿಗಳು ಬೆಳೆದವು. ಊರಿನ ಹೆಸರು ಎಲೆಕ್ಟ್ರಾನಿಕ್ ಸಿಟಿ. ಒಳಗೆ ನಡೆಯುವುದು ಹೆಚ್ಚಾಗಿ ತಂತ್ರಾಂಶ. ಎಲೆಕ್ಟ್ರಾನಿಕ್ಸ್ ಓದಿದ ಹುಡುಗರು ನಾಲ್ಕು ವರ್ಷ ಟ್ರಾನ್ಸಿಸ್ಟರಿನ ಲೆಕ್ಕ ಮಾಡಿ, ಐದನೆಯ ವರ್ಷದಲ್ಲಿ ಅದನ್ನೆಲ್ಲ ಮರೆತು ಪ್ರೋಗ್ರಾಮ್ ಬರೆಯಲು ಕೂರತೊಡಗಿದರು. ಅವರನ್ನು ನಾನು ದೂರುವುದಿಲ್ಲ. ಹೊಟ್ಟೆಪಾಡು ಇದ್ದ ಕಡೆಗೆ ಮನುಷ್ಯ ಹೋಗುತ್ತಾನೆ, ಅವರು ಚೆನ್ನಾಗಿಯೇ ದುಡಿದಿದ್ದಾರೆ. ಆದರೆ ಕಾಲೇಜುಗಳು ಈ ಸೂಚನೆಯನ್ನು ಬೇಗ ಗ್ರಹಿಸಿದವು. ಪ್ರಯೋಗಶಾಲೆಯ ಗಂಟೆಗಳು ಹೆಸರಿಗೆ ಮಾತ್ರ ಉಳಿದ ಕಡೆಗಳನ್ನು ನಾನು ನೋಡಿದ್ದೇನೆ. ಸೋಲ್ಡರಿಂಗ್ ಐರನ್ನನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ಅರಿಯದ ಪದವೀಧರರನ್ನೂ ಕಂಡಿದ್ದೇನೆ. ಬುದ್ಧಿಯಲ್ಲಿ ಅವರಿಗೆ ಕೊರತೆಯಿರಲಿಲ್ಲ. ಹಿಡಿಯಲು ಯಾರೂ ಅವರ ಕೈಗೆ ಕೊಟ್ಟಿರಲಿಲ್ಲ.

ಯಂತ್ರವನ್ನು ಕಟ್ಟುವ ಕೆಲಸವನ್ನು ಹೀಗೆ ಬಿಟ್ಟುಕೊಟ್ಟದ್ದರ ಬೆಲೆ ನಿಧಾನವಾಗಿ ತಿಳಿಯಿತು. ಮೊಹಾಲಿಯಲ್ಲಿ ಚಿಪ್ಪು ತಯಾರಿಸುತ್ತಿದ್ದ ಸರಕಾರಿ ಕಾರ್ಖಾನೆ 1989ರಲ್ಲಿ ಬೆಂಕಿಗೆ ತುತ್ತಾಯಿತು. ಆಮೇಲೆ ದೇಶ ಆ ದಾರಿಯಲ್ಲಿ ಬಹುಕಾಲ ಮುಂದೆ ಹೋಗಲಿಲ್ಲ. ಚಿಪ್ಪಿನ ವಿನ್ಯಾಸ ಬೆಂಗಳೂರಿನಲ್ಲಿ, ಚಿಪ್ಪಿನ ತಯಾರಿಕೆ ಪರದೇಶದಲ್ಲಿ ಎಂಬ ಸ್ಥಿತಿ ನೆಲೆಯೂರಿತು. 2020ರ ಕೋವಿಡ್ ಪಿಡುಗಿನ ಬೆನ್ನಿಗೆ ಜಗತ್ತಿನಲ್ಲಿ ಚಿಪ್ಪಿಗೆ ಬರ ಬಂದಾಗ ಮೋಟಾರು ಕಾರ್ಖಾನೆಗಳೂ ಕೈಕಟ್ಟಿ ನಿಂತವು. 2021ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆಗೆ ಒಪ್ಪಿಗೆಯಿತ್ತಿತು. ಅಷ್ಟರಲ್ಲಿ ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಮೊಬೈಲ್ ಫೋನುಗಳ ಜೋಡಣೆ ಆರಂಭವಾಗಿತ್ತು; 2023ರಲ್ಲಿ ಅದನ್ನು ಟಾಟಾ ಸಮೂಹ ಕೊಂಡಿತು. ದುಡಿಯುವ ವಿದ್ಯುತ್ತು 1902ರಲ್ಲಿ ಹುಡುಕಿಕೊಂಡು ಹೋದದ್ದು ಇದೇ ಕೋಲಾರವನ್ನು. ಅಂದು ಚಿನ್ನಕ್ಕಾಗಿ, ಇಂದು ಮಾತನಾಡುವ ವಿದ್ಯುತ್ತು ಅಲ್ಲಿ ಸಾವಿರಾರು ಹೆಣ್ಣುಮಕ್ಕಳ ಬೆರಳುಗಳ ನಡುವೆ ಹಾದುಹೋಗುತ್ತಿದೆ.

ಹಾಗಾದರೆ ಈ ವಿದ್ಯೆ ಓದಿದವರಿಗೆ ಮುಂದೆ ಏನು? ರಕ್ಷಣಾ ಸಂಸ್ಥೆಗಳು, ಬಾಹ್ಯಾಕಾಶ, ರೈಲ್ವೆಯ ಸಿಗ್ನಲ್ ವಿಭಾಗ, ವಿಮಾನ ನಿಲ್ದಾಣಗಳ ಸಂಪರ್ಕ ವ್ಯವಸ್ಥೆ, ಆಸ್ಪತ್ರೆಯ ಉಪಕರಣಗಳು, ವಿದ್ಯುತ್ ವಾಹನಗಳು, ಚಿಪ್ಪಿನ ವಿನ್ಯಾಸ ಮತ್ತು ಪರೀಕ್ಷೆ, ಹೀಗೆ ಪಟ್ಟಿ ಉದ್ದವಾಗಿಯೇ ಇದೆ. ದಾರಿಗಳೂ ಮೊದಲಿಗಿಂತ ವಿಶಾಲವಾಗಿವೆ. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. 1961ರ ಅಪ್ರೆಂಟಿಸ್ ಕಾಯಿದೆಯನ್ನು 1973ರಲ್ಲಿ ವಿಸ್ತರಿಸಿದ ಮೇಲೆ ಡಿಪ್ಲೊಮಾದವರಿಗೂ ಪದವೀಧರರಿಗೂ ಕಾರ್ಖಾನೆಯಲ್ಲಿ ಭತ್ಯೆ ಪಡೆಯುತ್ತ ಕಲಿಯುವ ಅವಕಾಶ ಬಂತು. ಬಹಳ ಜನ ಇದನ್ನು ಬಳಸಿಕೊಳ್ಳುವುದಿಲ್ಲ.

ನಾನು ತಂದೆತಾಯಿಗಳಿಗೆ ಹೇಳುವುದು ಇಷ್ಟು. ಕಾಲೇಜನ್ನು ನೋಡಲು ಹೋದಾಗ ಕಟ್ಟಡದ ಎತ್ತರವನ್ನು ನೋಡಬೇಡಿ. ಪ್ರಯೋಗಶಾಲೆಯ ಮೇಜುಗಳನ್ನು ನೋಡಿ. ಮೇಜಿನ ಮೇಲೆ ಸುಟ್ಟ ಕಲೆಗಳಿವೆಯೇ? ತವರದ ಹನಿಗಳು ಅಂಟಿಕೊಂಡಿವೆಯೇ? ಅಲ್ಲಿ ಹುಡುಗರು ಏನನ್ನೋ ಕಟ್ಟಿದ್ದಾರೆ, ಕೆಡಿಸಿದ್ದಾರೆ, ಮತ್ತೆ ಕಟ್ಟಿದ್ದಾರೆ ಎಂದು ತಿಳಿಯಿರಿ. ಮೇಜು ಹೊಸದರಂತೆ ಥಳಥಳಿಸುತ್ತಿದ್ದರೆ ಅಲ್ಲಿಂದ ಎದ್ದುಬನ್ನಿ. ವಾಲ್ವ್ ಹೋಯಿತು, ಟ್ರಾನ್ಸಿಸ್ಟರ್ ಬಂತು. ಸ್ಟ್ರೌಜರ್ ಎಕ್ಸ್‌ಚೇಂಜಿನ ಟಕಟಕ ನಿಂತು ನಿಶ್ಶಬ್ದವಾದ ಕಾರ್ಡುಗಳು ಬಂದವು. ಪ್ರತಿ ಸಲವೂ ಒಂದು ಕೆಲಸವನ್ನೇ ನೆಚ್ಚಿಕೊಂಡವರು ಬೀದಿಗೆ ಬಿದ್ದರು. ಕಾರಣವನ್ನು ತಿಳಿದು ಕೈಯಾಡಿಸಿದವರು ಹೊಸದಕ್ಕೆ ದಾಟಿಕೊಂಡರು. ತಲೆಯನ್ನೂ ಕೈಯನ್ನೂ ಜೊತೆಯಾಗಿ ದುಡಿಸಿದವನಿಗೆ ಈ ವಿದ್ಯೆ ಎಂದೂ ಅನ್ನ ತಪ್ಪಿಸಿಲ್ಲ.

ಸರಕಾರಕ್ಕೂ ಕಾರ್ಖಾನೆಗಳ ಯಜಮಾನರಿಗೂ ಹೇಳಬೇಕಾದದ್ದು ಇನ್ನೂ ಚಿಕ್ಕದು. ಸಾವಿರಾರು ಕೋಟಿಯ ಯೋಜನೆಗಳನ್ನು ಹಾಕಿ, ಅದು ಬೇಕಾದದ್ದೇ. ಆದರೆ ಗೊರಗೊರ ಶಬ್ದವನ್ನು ನಿಲ್ಲಿಸಿದವನ ಹೆಸರನ್ನು ವರದಿಯಲ್ಲಿ ಬರೆಯಿರಿ. ಅದಕ್ಕೆ ಒಂದು ಸಾಲು ಸಾಕು, ಒಂದು ಕಾಸಿನ ಖರ್ಚೂ ಇಲ್ಲ. ತಂದೆಯ ಹೆಸರನ್ನು ಕಾಗದದ ಮೇಲೆ ಕಂಡ ಮಗ ಆ ಕೈವಿದ್ಯೆಗೆ ತಾನಾಗಿಯೇ ಬರುತ್ತಾನೆ.